ಯುವ ಓದುಗರ ಸಂಗೀತ ಪತ್ರಿಕೆ: ಬಣ್ಣ ಬದಲಿಸಿದರೆ ಸಾಕೇ?

ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿಯು ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳಿಗೆ 2008ರಿಂದ ಸುಮಾರು ಒಂದು ದಶಕದ ಕಾಲ ಕುತೂಹಲಕರವಾದ ಪ್ರಾಯೋಗಿಕ ಕಾರ್ಯವೊಂದನ್ನು ನೀಡುತ್ತಿತ್ತು. ಮುದ್ರಣ ವಿಭಾಗವನ್ನು ಆಯ್ದುಕೊಂಡ ಹದಿನಾರು ಹದಿನೇಳರ ಹರೆಯದವರು ಹೊಸದೊಂದು ಸಂಗೀತ ಪತ್ರಿಕೆಯ ಮುಖಪುಟ, ಪರಿವಿಡಿ ಹಾಗೂ ಒಳಗಿನ ಜೋಡಿ ಪುಟದ ಲೇಖನವನ್ನು ಸ್ವತಃ ವಿನ್ಯಾಸಗೊಳಿಸಬೇಕಿತ್ತು. ಚಿತ್ರಗಳೂ ಬರಹವೂ ಅವರದೇ ಆಗಿರಬೇಕಿತ್ತು. ಕೊನೆಯಲ್ಲಿ ತಮ್ಮ ಓದುಗರು ಯಾರು, ಅವರನ್ನು ಸೆಳೆಯಲು ತಾವು ಏನು ಮಾಡಿದೆವು ಎಂಬುದಕ್ಕೆ ಉತ್ತರಿಸಬೇಕಿತ್ತು.

ವಿಪರ್ಯಾಸವೆಂದರೆ, ಈ ಮಕ್ಕಳಿಗೆ ಮಾದರಿಯಾಗಬಹುದಾಗಿದ್ದ ಪತ್ರಿಕೆಗಳು ಅದೇ ಅವಧಿಯಲ್ಲಿ ಸೊರಗುತ್ತಿದ್ದವು. 1952ರಲ್ಲಿ ಆರಂಭವಾದ ಎನ್‌ಎಂಇ ವಾರಪತ್ರಿಕೆಯ ಮುದ್ರಣ 2018ರಲ್ಲಿ ನಿಂತಿತು. 1986ರ ಕ್ಯೂ ಮಾಸಿಕ 2020ರಲ್ಲಿ ಬಾಗಿಲು ಹಾಕಿತು. ಹಾಗಾದರೆ ಯುವಜನರನ್ನು ಸೆಳೆಯುವ ವಿನ್ಯಾಸವೆಂದರೆ ಏನು? ಅನುಭವಿ ಸಂಪಾದಕರೇ ಎಡವಿದ್ದು ಎಲ್ಲಿ?

ಉಪಯೋಗವೇ ಆಕರ್ಷಣೆ

ಇದಕ್ಕೆ ಉತ್ತರ ಹುಡುಕಲು ಸ್ಮ್ಯಾಶ್ ಹಿಟ್ಸ್ ಪತ್ರಿಕೆಯ ಕಥೆಯನ್ನು ಗಮನಿಸಬೇಕು. ಎನ್‌ಎಂಇ ಸಂಪಾದಕರಾಗಿದ್ದ ನಿಕ್ ಲೋಗನ್ 1978ರಲ್ಲಿ ಇದನ್ನು ಆರಂಭಿಸಿದರು. ಅವರ ಸೂತ್ರ ಸರಳವಾಗಿತ್ತು. ಹದಿಹರೆಯದವರು ರೇಡಿಯೊದಲ್ಲಿ ಕೇಳುವ ಹಾಡುಗಳ ಪೂರ್ಣ ಸಾಹಿತ್ಯವನ್ನು ಪತ್ರಿಕೆ ಅಚ್ಚು ಹಾಕುತ್ತಿತ್ತು. ಜೊತೆಗೆ ಗೋಡೆಗೆ ಅಂಟಿಸಲು ಬಣ್ಣದ ಚಿತ್ರಗಳು, ನಗಿಸುವ ಸಂದರ್ಶನಗಳು ಇರುತ್ತಿದ್ದವು. 1980ರ ದಶಕದ ಅಂತ್ಯದ ವೇಳೆಗೆ ಅದರ ಪ್ರಸಾರ ಹತ್ತು ಲಕ್ಷದ ಗಡಿ ಮುಟ್ಟಿತು. 1987ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರೇ ಈ ಪತ್ರಿಕೆಗೆ ಸಂದರ್ಶನ ನೀಡಿದ್ದು ಅದರ ಪ್ರಭಾವಕ್ಕೆ ಸಾಕ್ಷಿ.

ಹಾಡಿನ ಸಾಲುಗಳನ್ನು ಅಚ್ಚು ಹಾಕಿ ಮಾರುವುದು ಕನ್ನಡಿಗರಿಗೆ ಹೊಸತೇನಲ್ಲ. ಚಿತ್ರಮಂದಿರಗಳ ಮುಂದೆ ಪುಡಿಗಾಸಿಗೆ ಸಿಗುತ್ತಿದ್ದ ಚಲನಚಿತ್ರಗಳ ಹಾಡಿನ ಪುಸ್ತಕಗಳನ್ನು ಹಿಂದಿನ ತಲೆಮಾರು ಮರೆತಿಲ್ಲ. ತೆಳುವಾದ ಕಾಗದ, ಮಸುಕಾದ ಅಚ್ಚು. ಆದರೂ ಅವು ಮಾರಾಟವಾಗುತ್ತಿದ್ದವು. ಏಕೆಂದರೆ ಕೇಳಿದ ಹಾಡನ್ನು ಮತ್ತೆ ಹಾಡಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಅಂದದ ಕೊರತೆಯನ್ನು ಉಪಯೋಗ ತುಂಬಿಕೊಟ್ಟಿತ್ತು.

ವಿನ್ಯಾಸದ ಗೆಲುವು, ವಿನ್ಯಾಸದ ಮಿತಿ

ಹಾಗೆಂದು ವಿನ್ಯಾಸ ಗೌಣವೆಂದು ಭಾವಿಸುವಂತಿಲ್ಲ. ಅಂಗಡಿಯ ಕಪಾಟಿನಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿದಾಗ ಮುಖಪುಟದ ಎಡಭಾಗ ಮಾತ್ರ ಕಾಣುವುದುಂಟು. ಆದ್ದರಿಂದಲೇ ಪತ್ರಿಕೆಯ ಹೆಸರಿನ ಮೊದಲ ಅಕ್ಷರಗಳು ಮತ್ತು ಮುಖ್ಯ ಶೀರ್ಷಿಕೆಗಳು ಅಲ್ಲಿಗೆ ಬರುತ್ತವೆ. ನೋಡುಗನ ಕಣ್ಣಿಗೆ ಕಣ್ಣು ಕೊಟ್ಟು ನೋಡುವ ದೊಡ್ಡ ಮುಖ, ದೂರದಿಂದಲೇ ಎದ್ದು ಕಾಣುವ ಎರಡು ಮೂರು ಬಣ್ಣಗಳು, ಗೆಳೆಯನೊಬ್ಬ ಮಾತನಾಡಿಸಿದಂತಹ ಶೀರ್ಷಿಕೆ, ಇವೆಲ್ಲ ಪರೀಕ್ಷಿತ ಉಪಾಯಗಳು.

ಲೋಗನ್ ಅವರೇ 1980ರಲ್ಲಿ ಆರಂಭಿಸಿದ ದಿ ಫೇಸ್ ಪತ್ರಿಕೆಗೆ ನೆವಿಲ್ ಬ್ರೋಡಿ ರೂಪಿಸಿದ ಅಕ್ಷರ ವಿನ್ಯಾಸ ಒಂದು ಪೀಳಿಗೆಯ ಅಭಿರುಚಿಯನ್ನೇ ಬದಲಿಸಿತು. ಅಮೆರಿಕದಲ್ಲಿ 1992ರಲ್ಲಿ ಹುಟ್ಟಿದ ರೇ ಗನ್ ಪತ್ರಿಕೆಯ ವಿನ್ಯಾಸಕಾರ ಡೇವಿಡ್ ಕಾರ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಾಯಕ ಬ್ರಯಾನ್ ಫೆರ್ರಿ ಅವರ ಸಂದರ್ಶನ ನೀರಸವಾಗಿದೆ ಎಂದು ಅದನ್ನು ಬರೀ ಚಿಹ್ನೆಗಳ ಅಕ್ಷರಮಾಲೆಯಲ್ಲಿ ಮುದ್ರಿಸಿಬಿಟ್ಟರು. ಲೇಖನವನ್ನು ಯಾರೂ ಓದುವಂತಿರಲಿಲ್ಲ. ವಿನ್ಯಾಸದ ಇತಿಹಾಸದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಪತ್ರಿಕೆ ಮಾತ್ರ 2000ದಲ್ಲಿ ನಿಂತಿತು.

ಪುಕ್ಕಟೆ ಕೊಟ್ಟರೂ ಉಳಿಯಲಿಲ್ಲ

ನಿಜವಾದ ಪೆಟ್ಟು ಬಿದ್ದದ್ದು ಉಪಯೋಗಕ್ಕೆ. ಹಾಡಿನ ಸಾಹಿತ್ಯ, ತಾರೆಯರ ಚಿತ್ರ, ಕಾರ್ಯಕ್ರಮಗಳ ದಿನಾಂಕ ಎಲ್ಲವೂ ಅಂತರಜಾಲದಲ್ಲಿ ದೊರೆಯತೊಡಗಿದ ಮೇಲೆ ಹದಿನೈದು ದಿನ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. 2006ರ ಫೆಬ್ರವರಿಯಲ್ಲಿ ಸ್ಮ್ಯಾಶ್ ಹಿಟ್ಸ್ ನಿಂತಾಗ ಅದರ ಪ್ರಸಾರ 1 ಲಕ್ಷ 20 ಸಾವಿರದ ಆಸುಪಾಸಿಗೆ ಕುಸಿದಿತ್ತು.

ಎನ್‌ಎಂಇ ಪ್ರಕರಣ ಇನ್ನಷ್ಟು ಬೋಧಪ್ರದ. ಮಾರಾಟ ಹದಿನೈದು ಸಾವಿರದ ಆಸುಪಾಸಿಗೆ ಇಳಿದಾಗ, 2015ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊಸ ರೂಪದಲ್ಲಿ ಉಚಿತವಾಗಿ ಹಂಚಲು ನಿರ್ಧರಿಸಲಾಯಿತು. ರೈಲು ನಿಲ್ದಾಣಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ವಾರಕ್ಕೆ ಸುಮಾರು 3 ಲಕ್ಷ ಪ್ರತಿಗಳು ಕೈಸೇರಿದವು. ಎಲ್ಲರನ್ನೂ ಒಲಿಸಿಕೊಳ್ಳುವ ಹಂಬಲದಲ್ಲಿ ಸಂಗೀತದ ಜೊತೆ ಸಿನಿಮಾ, ಫ್ಯಾಷನ್ ಕೂಡ ಪುಟ ತುಂಬಿದವು. ಎರಡೂವರೆ ವರ್ಷದಲ್ಲಿ ಅದೂ ನಿಂತಿತು. ಪತ್ರಿಕೆಯನ್ನು ಪಡೆದುಕೊಳ್ಳುವುದು ಬೇರೆ, ತನ್ನದೆಂದು ಭಾವಿಸುವುದು ಬೇರೆ.

ತಮ್ಮವರನ್ನು ಗುರುತಿಸಿದವರು

ಇದಕ್ಕೆ ವ್ಯತಿರಿಕ್ತವಾದ ನಿದರ್ಶನಗಳೂ ಇವೆ. ಅಬ್ಬರದ ರಾಕ್ ಸಂಗೀತಕ್ಕೇ ಮೀಸಲಾಗಿ 1981ರಲ್ಲಿ ಆರಂಭವಾದ ಕೆರ್ರಾಂಗ್, 2020ರಲ್ಲಿ ಮುದ್ರಣ ನಿಲ್ಲಿಸಿದರೂ ಬಳಿಕ ತ್ರೈಮಾಸಿಕವಾಗಿ ಮರಳಿತು. 2004ರಲ್ಲಿ ನಿಂತಿದ್ದ ದಿ ಫೇಸ್ 2019ರಲ್ಲಿ ಮತ್ತೆ ಅಚ್ಚಾಯಿತು. ಎನ್‌ಎಂಇ ಕೂಡ 2023ರಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಸಂಚಿಕೆಯಾಗಿ ಮರುಹುಟ್ಟು ಪಡೆಯಿತು. ಸುದ್ದಿ ಮುಟ್ಟಿಸುವ ಅವಸರವನ್ನು ದೂರವಾಣಿಗೆ ಬಿಟ್ಟುಕೊಟ್ಟ ಇವು, ಅಭಿಮಾನಿ ಜೋಪಾನವಾಗಿ ಇರಿಸಿಕೊಳ್ಳುವ ವಸ್ತುವಾಗಿ ಮುದ್ರಣಕ್ಕೆ ಮರಳಿವೆ.

ಭಾರತದಲ್ಲಿಯೂ ಇಂತಹ ಪಾಠವಿದೆ. ಅಮಿತ್ ಸೈಗಲ್ 1993ರಲ್ಲಿ ರಾಕ್ ಸ್ಟ್ರೀಟ್ ಜರ್ನಲ್ ಆರಂಭಿಸಿದ್ದು ಮುಂಬಯಿಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ, ಅಲಹಾಬಾದಿನಲ್ಲಿ. ಬೇರೆ ಬೇರೆ ಊರುಗಳಲ್ಲಿ ಗಿಟಾರ್ ಹಿಡಿದು ಒಂಟಿಯಾಗಿದ್ದ ಹುಡುಗ ಹುಡುಗಿಯರಿಗೆ ತಮ್ಮಂತಹವರು ಇನ್ನೂ ಇದ್ದಾರೆ ಎಂಬುದನ್ನು ಆ ಪತ್ರಿಕೆ ತೋರಿಸಿಕೊಟ್ಟಿತು. ಸ್ವಂತ ಹಾಡು ಕಟ್ಟುವ ದೇಶೀಯ ತಂಡಗಳಿಗೆ ಜಾಗ ಕೊಟ್ಟಿತು. ಪ್ರಸಿದ್ಧ ಅಂತರರಾಷ್ಟ್ರೀಯ ಹೆಸರಿನ ರೋಲಿಂಗ್ ಸ್ಟೋನ್ ಭಾರತೀಯ ಆವೃತ್ತಿ ಬಂದದ್ದು ಅದಾಗಿ ಹದಿನೈದು ವರ್ಷಗಳ ನಂತರ, 2008ರಲ್ಲಿ.

ಇಂದು ಮುಂದಿನ ಹಾಡು ಯಾವುದೆಂದು ತಂತ್ರಾಂಶವೇ ನಿರ್ಧರಿಸುತ್ತಿದೆ. ಆದರೆ ಆ ಹಾಡು ಏಕೆ ಚೆನ್ನಾಗಿದೆ, ಹೊಸ ಗಾಯಕಿ ಎಲ್ಲಿ ಸೋತಿದ್ದಾಳೆ, ಈ ರಾಗ ಅಥವಾ ಲಯ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುವುದಿಲ್ಲ. ಹೊಸಬರನ್ನು ಗುರುತಿಸಿ, ಅಗತ್ಯವಿದ್ದರೆ ಟೀಕಿಸುವ ವೇದಿಕೆಯೊಂದು ಮುಚ್ಚಿದಾಗ ನಷ್ಟವಾಗುವುದು ಕೇವಲ ಪ್ರಕಾಶಕರಿಗಲ್ಲ. ಹಾಡುವವರಿಗೂ ಕೇಳುವವರಿಗೂ ಹೌದು.

ಯುವಜನರಿಗಾಗಿ ಸಂಗೀತ ಪತ್ರಿಕೆ ತರಲು ಹೊರಡುವವರು ಬಣ್ಣ, ಅಕ್ಷರಗಳನ್ನು ಆಮೇಲೆ ಆರಿಸಲಿ. ಪರೀಕ್ಷಾ ಮಂಡಳಿ ಆ ಮಕ್ಕಳ ಮುಂದಿಟ್ಟ ಪ್ರಶ್ನೆಯೇ ಮೊದಲನೆಯದು: ಈ ಪತ್ರಿಕೆ ಯಾರಿಗಾಗಿ? ಅದಕ್ಕೆ ‘ಎಲ್ಲರಿಗಾಗಿ’ ಎಂಬುದು ಉತ್ತರವಾಗಲಾರದು.