ಅಟ್ಟದ ಮೇಲಿನ ಡಬ್ಬಿಗೆ ಡೆಡ್‌ಲೈನ್ ಯಾವಾಗ?

ಶನಿವಾರ ಬೆಳಿಗ್ಗೆ ಸೊಪ್ಪು ತರೋಕೆ ಅಂತ ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿಗೆ ಹೊರಟವನು ಯಥಾಪ್ರಕಾರ ದರ್ಶಿನಿ ಮುಂದೆ ಕಾಫಿಗೆ ನಿಂತುಬಿಟ್ಟೆ. ಆಫೀಸಿನ ಗೆಳೆಯನೊಬ್ಬ ಅಲ್ಲೇ ಇದ್ದ. ಮೊಬೈಲ್ ಮುಂದೆ ಹಿಡಿದು, "ನೋಡ್ದ್ಯಾ ಗುರು, ಅಮೆರಿಕದೋರು ಕೊನೆಗೂ ಕೆಮಿಕಲ್ ವೆಪನ್ಸ್ ಎಲ್ಲಾ ಮುಗಿಸಿದ್ರಂತೆ. 2007ಕ್ಕೆ ಡೆಡ್‌ಲೈನ್, 2023ಕ್ಕೆ ಡೆಲಿವರಿ! ನಮ್ಮ ಮ್ಯಾನೇಜರ್ ಕೈಗೆ ಸಿಕ್ಕಿದ್ರೆ ಏನಾಗ್ತಿತ್ತು?" ಅಂದ. ನಾನೂ ನಕ್ಕೆ. ಆಮೇಲೆ ಅವನು ಹೇಳಿದ ಮಾತು ಮಾತ್ರ ಮನೆಗೆ ಬಂದ ಮೇಲೂ ತಲೆಯಲ್ಲೇ ಇತ್ತು. "ಈ ಟ್ರೀಟಿ ಗೀಟಿ ಎಲ್ಲಾ ಬರೀ ಪೇಪರ್ರು. ನಾವು 2009ಕ್ಕೇ ನೀಟಾಗಿ ಮುಗಿಸಿದ್ವಿ. ನಮ್ಮನ್ನ ನೋಡಿ ಕಲೀಬೇಕು ಇವ್ರು."

ಟ್ರೀಟಿ ಬರೀ ಪೇಪರ್ ಆಗಿದ್ರೆ ನಾವು ಯಾಕೆ ಮುಗಿಸಿದ್ವಿ? ಅವನ ಎರಡು ಮಾತು ಒಂದಕ್ಕೊಂದು ಕೂಡಲ್ಲ. ಆದರೆ ನಮ್ಮಂಥ ಲ್ಯಾಪ್‌ಟಾಪ್ ಮಂದಿಯೆಲ್ಲ ಹೆಚ್ಚುಕಮ್ಮಿ ಇದನ್ನೇ ನಂಬಿಕೊಂಡಿದ್ದೀವಿ. ಜಗತ್ತಿನ ಒಪ್ಪಂದಗಳೆಲ್ಲ ನಾಟಕ, ನಮ್ಮ ದೇಶ ಮಾತ್ರ ಸರಿ. ಎರಡೂ ತಪ್ಪು ಅಂತ ನನ್ನ ವಾದ.

ಮೊದಲು ಲೆಕ್ಕ ನೋಡೋಣ. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದಕ್ಕೆ 1993ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸಹಿ ಬಿತ್ತು, 1997ರ ಏಪ್ರಿಲ್ 29ಕ್ಕೆ ಜಾರಿಗೆ ಬಂತು. ಅದರ ಒಳಗಿರೋ ವೇಳಾಪಟ್ಟಿ ನೋಡಿದರೆ ಯಾವುದೋ ಒಳ್ಳೆ ಪ್ರಾಜೆಕ್ಟ್ ಮ್ಯಾನೇಜರ್ ಬರೆದ ಹಾಗಿದೆ. ಮೂರು ವರ್ಷಕ್ಕೆ ದಾಸ್ತಾನಿನ ಶೇ. 1, ಐದು ವರ್ಷಕ್ಕೆ ಶೇ. 20, ಏಳಕ್ಕೆ ಶೇ. 45, ಹತ್ತಕ್ಕೆ ಪೂರ್ತಿ. ಆಗದಿದ್ದರೆ ಕಾರಣ ಕೊಟ್ಟು ಎಲ್ಲರ ಮುಂದೆ ಕೈಯೊಡ್ಡಿ ವಾಯಿದೆ ಕೇಳಬೇಕು, ಅದೂ ಗರಿಷ್ಠ ಐದು ವರ್ಷ, 2012ರವರೆಗೆ. ಅಮೆರಿಕದ ಬಳಿ ಹತ್ತಿರ ಹತ್ತಿರ 28 ಸಾವಿರ ಟನ್ ಇತ್ತು. 2012ಕ್ಕೆ ಶೇ. 90ರಷ್ಟು ಮುಗಿದಿತ್ತು. ಉಳಿದ ಶೇ. 10ಕ್ಕೆ ಇನ್ನೂ ಹನ್ನೊಂದು ವರ್ಷ ಹಿಡೀತು. 2023ರ ಜುಲೈ 7ರಂದು, ಶುಕ್ರವಾರ, ಕೆಂಟಕಿಯ ಬ್ಲೂ ಗ್ರಾಸ್ ಡಿಪೋದಲ್ಲಿ ಸರೀನ್ ತುಂಬಿದ ಕಟ್ಟಕಡೆಯ ರಾಕೆಟ್ ಮುಗೀತು. ಕೊನೆಯ ಹತ್ತು ಪರ್ಸೆಂಟ್ ಎಷ್ಟು ಕಾಡುತ್ತೆ ಅಂತ ಕೋಡ್ ಬರೆಯೋ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅಲ್ಲಿ ತಡವಾಗಿದ್ದು ಬರೀ ಸೋಮಾರಿತನದಿಂದಲ್ಲ. ನನ್ನ ಗೆಳೆಯನಿಗೆ ಗೊತ್ತಿಲ್ಲದ ಕತೆ ಇದು. ಅಲ್ಲಿನ ಸೇನೆ ಎಲ್ಲವನ್ನೂ ಭಟ್ಟಿಯಲ್ಲಿ ಸುಡೋದು ಅಂತ ತೀರ್ಮಾನ ಮಾಡಿತ್ತು. ಕೆಂಟಕಿಯ ಆ ಡಿಪೋ ಸುತ್ತ ಊರುಗಳಿವೆ, ಶಾಲೆಗಳಿವೆ. ಸುಟ್ಟ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಜನ ಕೇಳಿದರು. ಮುಂದೆ ನಿಂತವರಲ್ಲಿ ಒಬ್ಬರು ಕ್ರೇಗ್ ವಿಲಿಯಮ್ಸ್. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ವೃತ್ತಿಯಲ್ಲಿ ಮರಗೆಲಸದವರು. ವರ್ಷಗಟ್ಟಲೆ ಹೋರಾಡಿದರು. 1996ರಲ್ಲಿ ಅಲ್ಲಿನ ಸಂಸತ್ತು ಸುಡದೇ ನಾಶ ಮಾಡೋ ದಾರಿ ಹುಡುಕಿ ಅಂತ ಸೇನೆಗೆ ಹೇಳಬೇಕಾಯ್ತು. ಹಾಗಾಗಿ ಕೆಂಟಕಿ ಮತ್ತು ಕೊಲರಾಡೋಗಳಲ್ಲಿ ಬೇರೆಯೇ ಥರದ ಘಟಕ ಕಟ್ಟಿದರು. ಕೊಲರಾಡೋದಲ್ಲಿ ಮಸ್ಟರ್ಡ್ ವಿಷವನ್ನು ಬಿಸಿನೀರಲ್ಲಿ ಒಡೆದು, ಉಳಿದದ್ದನ್ನ ಸೂಕ್ಷ್ಮಜೀವಿಗಳಿಗೆ ತಿನ್ನಿಸಿದರು. ಅಂದರೆ ಡೆಡ್‌ಲೈನ್ ತಪ್ಪಿದ್ದಕ್ಕೆ ಒಂದು ದೊಡ್ಡ ಕಾರಣ, ವಿಷದ ಪಕ್ಕ ಬದುಕುವವರನ್ನ ಕೇಳಿಸಿಕೊಂಡಿದ್ದು. ಆ ತಡವನ್ನ ನಾನು ಕ್ಷಮಿಸ್ತೀನಿ. ದುಡ್ಡಿಗಾಗಿ, ರಾಜಕೀಯಕ್ಕಾಗಿ ಆದ ತಡವನ್ನಲ್ಲ, ಅದೂ ಸಾಕಷ್ಟಿತ್ತು.

ಇನ್ನು ನಮ್ಮ ಹೆಮ್ಮೆ. 1992ರ ಆಗಸ್ಟ್‌ನಲ್ಲಿ ಭಾರತ, ಪಾಕಿಸ್ತಾನ ಎರಡೂ ದೆಹಲಿಯಲ್ಲಿ ಕೂತು, ರಾಸಾಯನಿಕ ಅಸ್ತ್ರ ತಯಾರಿಸೋದಿಲ್ಲ, ಪಡೆಯೋದಿಲ್ಲ ಅಂತ ಜಂಟಿ ಘೋಷಣೆಗೆ ಸಹಿ ಹಾಕಿದವು. ಐದು ವರ್ಷ ಕಳೆದು 1997ರ ಜೂನ್‌ನಲ್ಲಿ ಒಪ್ಪಂದದ ಪ್ರಕಾರ ಲೆಕ್ಕ ಕೊಡುವಾಗ ನಮ್ಮ ಮನೆಯಿಂದ ಹೊರಬಿದ್ದದ್ದು 1,044 ಟನ್ ಸಲ್ಫರ್ ಮಸ್ಟರ್ಡ್. ಈ ದೇಶದ ಪ್ರಜೆಗಳಿಗೆ ಆವರೆಗೆ ಅದು ಗೊತ್ತೇ ಇರಲಿಲ್ಲ. ನಮಗೆ ಸತ್ಯ ಹೇಳಿಸಿದ್ದು ಯಾವುದು? ಅದೇ "ಬರೀ ಪೇಪರ್ರು". ನಾವೂ 2007ರ ಗಡುವು ತಪ್ಪಿಸಿದ್ವಿ, ವಾಯಿದೆ ಕೇಳಿದ್ವಿ, 2009ರ ಏಪ್ರಿಲ್ ತನಕ ಸಿಕ್ತು, ಮಾರ್ಚ್‌ನಲ್ಲೇ ಮುಗಿಸಿದ್ವಿ. ಒಳ್ಳೆ ಕೆಲಸ, ಒಪ್ಪಿದೆ. ಆದರೆ ಮುಗಿದಿದೆ ಅಂತ ಹೇಳಿದ್ದು ನಾವಲ್ಲ ಅನ್ನೋದು ನೆನಪಿರಲಿ. ಹೇಗ್ ನಗರದ ಓಪಿಸಿಡಬ್ಲ್ಯೂ ಸಂಸ್ಥೆಯ ಇನ್‌ಸ್ಪೆಕ್ಟರುಗಳು ನಾಶ ಮಾಡೋ ಜಾಗದಲ್ಲೇ ಇದ್ದು, ತೂಕ ನೋಡಿ, ಸೀಲು ನೋಡಿ, ಬರೆದುಕೊಟ್ಟರು.

ಡೆವಲಪರ್ ತನ್ನ ಕೋಡನ್ನ ತಾನೇ ಟೆಸ್ಟ್ ಮಾಡಿ "ಡನ್" ಅಂತ ಟಿಕೆಟ್ ಕ್ಲೋಸ್ ಮಾಡಿದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಈ ಒಪ್ಪಂದದ ಜೀವ ಇರೋದು ಡೆಡ್‌ಲೈನಿನಲ್ಲಲ್ಲ, ಬೇರೆಯವರು ಬಂದು ಎಣಿಸೋದ್ರಲ್ಲಿ.

ಸಿನಿಕರ ಕೈಯಲ್ಲಿ ಒಳ್ಳೆ ಪಟ್ಟುಗಳಿವೆ, ಇಲ್ಲ ಅನ್ನಲ್ಲ. 2017ರ ಸೆಪ್ಟೆಂಬರ್‌ನಲ್ಲಿ ರಷ್ಯಾ ತನ್ನ 40 ಸಾವಿರ ಟನ್ ಪೂರ್ತಿ ಮುಗೀತು ಅಂತ ಸರ್ಟಿಫಿಕೇಟ್ ತಗೊಂಡಿತು. ಆರು ತಿಂಗಳು ತುಂಬೋದ್ರೊಳಗೆ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೋವಿಚೋಕ್ ಕಾಣಿಸಿಕೊಂಡಿತು. ಸಿರಿಯಾ 2013ರಲ್ಲಿ 1,300 ಟನ್ ಲೆಕ್ಕ ಕೊಟ್ಟಿತು, ಅದರಲ್ಲಿ ಒಂದಷ್ಟನ್ನ ಸಮುದ್ರದ ಮಧ್ಯೆ ಹಡಗಿನಲ್ಲಿಟ್ಟು ನಾಶ ಮಾಡಿದರು, ಆ ವರ್ಷ ಸಂಸ್ಥೆಗೆ ನೊಬೆಲ್ಲೂ ಬಂತು. 2017ರಲ್ಲಿ ಖಾನ್ ಶೇಖೂನ್ ಅನ್ನೋ ಊರಲ್ಲಿ ಮತ್ತೆ ಸರೀನ್. ಕಳ್ಳ ಎಲ್ಲಾ ಕಡೆ ಇರ್ತಾನೆ. ಆದರೆ ಅವನು ಕದ್ದ ಅಂತ ನಾವು ಹೇಳೋಕಾಗ್ತಿರೋದು ಅಲ್ಲೊಂದು ಲೆಕ್ಕದ ಪುಸ್ತಕ ಇರೋದ್ರಿಂದ.

ಪುಸ್ತಕವೇ ಇಲ್ಲದ ಕಡೆ ಏನಾಗುತ್ತೆ ಅಂತ ನೋಡೋಕೆ ಸಿರಿಯಾಕ್ಕೆ ಹೋಗಬೇಕಿಲ್ಲ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಕಾಸರಗೋಡು.

ಅಲ್ಲಿನ ಎಣ್ಮಕಜೆಯ ಪಡ್ರೆ ಕನ್ನಡ, ತುಳು ಮಾತಾಡೋ ಊರು. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರೀತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ತೊರೆ, ಬಾವಿ. ವಾಣಿನಗರದ ವೈದ್ಯ ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ಮಕ್ಕಳನ್ನ ನೋಡಿ, ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಇಂಥ ಕಾಯಿಲೆ ಯಾಕೆ ಅಂತ ಕೇಳೋಕೆ ಶುರು ಮಾಡಿದರು. ಶ್ರೀ ಪಡ್ರೆ ಬರೆದರು. ಗಡಿಯ ಈಚೆ ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲೂ ಅದೇ ಗೇರು, ಅದೇ ಸಿಂಪಡಣೆ, ಅಂಥವೇ ಮಕ್ಕಳು. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ನಿಷೇಧ ಹೇರಿತು.

ಅದೇ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ. ಜಗತ್ತು ಎಂಡೋಸಲ್ಫಾನನ್ನು ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸೋಕೆ ಹೊರಟಿತ್ತು. ವರ್ಷಗಟ್ಟಲೆ ಅದಕ್ಕೆ ಅಡ್ಡ ನಿಂತ ದೇಶ ಯಾವುದು? ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ನಮ್ಮದೇ ದೇಶ. ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಸಿಕ್ಕ ಮೇಲಷ್ಟೇ ಒಪ್ಪಿತು. ಮೇ 13ಕ್ಕೆ ಸುಪ್ರೀಂ ಕೋರ್ಟ್ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಲ್ಲಿಸಿತು. ಆಮೇಲೆ ಅದೇ ವರ್ಷ, ಉಳಿದ ದಾಸ್ತಾನನ್ನ ರಫ್ತು ಮಾಡೋಕೆ ಅನುಮತಿಯೂ ಸಿಕ್ತು. ನಮ್ಮ ಮಕ್ಕಳಿಗೆ ಬೇಡ, ಇನ್ಯಾರದೋ ಮಕ್ಕಳಿಗೆ ಇರಲಿ. ರಾಸಾಯನಿಕ ಅಸ್ತ್ರದ ಒಪ್ಪಂದದಲ್ಲಿ ಹೀಗೆ ಇನ್ನೊಬ್ಬರಿಗೆ ದಾಟಿಸೋ ಹಾಗಿಲ್ಲ. ನೀರಿಗೆ ಸುರಿಯೋ ಹಾಗಿಲ್ಲ, ಹೂಳೋ ಹಾಗಿಲ್ಲ, ಬಯಲಲ್ಲಿ ಸುಡೋ ಹಾಗಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಇಲ್ಲಿ ಗಡಿಯ ಮಿಂಚಿಪದವಿನ ಪಾಳುಬಾವಿಯಲ್ಲಿ ಎಂಡೋಸಲ್ಫಾನ್ ಹೂತಿದ್ದಾರೆ ಅನ್ನೋ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಗಬೇಕಾಯ್ತು.

ಹೂಳದೇ ಉಳಿದದ್ದು ಪೆರಿಯ, ರಾಜಪುರಂ, ಚೀಮೇನಿಯ ಗೋದಾಮುಗಳಲ್ಲಿತ್ತು. ಬ್ಯಾರೆಲ್ಲು ತುಕ್ಕು ಹಿಡಿದು ಸೋರತೊಡಗಿದಾಗ, 2012ರಲ್ಲಿ, ಹೊಸ ಬ್ಯಾರೆಲ್ಲುಗಳಿಗೆ ತುಂಬಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಆಪರೇಷನ್ ಬ್ಲಾಸಮ್ ಸ್ಪ್ರಿಂಗ್. ವಸಂತ, ಹೂವು! ಹೆಸರಿಡೋದ್ರಲ್ಲಿ ನಮ್ಮ ಸರ್ಕಾರಗಳನ್ನ ಮೀರಿಸೋರಿಲ್ಲ. ಹತ್ತು ವರ್ಷ ಕಳೆದರೂ ಆ ಸಾವಿರ ಚಿಲ್ಲರೆ ಲೀಟರ್ ಏನು ಮಾಡೋದು ಅನ್ನೋ ಚರ್ಚೆ ಮುಗಿದಿರಲಿಲ್ಲ. 1,044 ಟನ್ ಮಸ್ಟರ್ಡ್ ಗಡುವಿಗೆ ಮುಂಚೆ ಮುಗಿಸಿದ ದೇಶಕ್ಕೆ ಸಾವಿರ ಲೀಟರ್ ಕೀಟನಾಶಕ ಕಷ್ಟವಾಯ್ತಾ? ತಂತ್ರಜ್ಞಾನ ಇಲ್ಲ ಅಂತ ಯಾರೂ ಹೇಳಬೇಡಿ. ಎಣಿಸೋಕೆ ಹೊರಗಿನವರು ಬರ್ತಿರಲಿಲ್ಲ, ಅಷ್ಟೇ. ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಇನ್‌ಸ್ಪೆಕ್ಟರುಗಳಿಲ್ಲ, ಆಯಾ ದೇಶ ತನ್ನ ವರದಿ ತಾನೇ ಬರೆದು ಕಳಿಸುತ್ತೆ. 2004ರಲ್ಲಿ ಜಾರಿಗೆ ಬಂದ ಒಪ್ಪಂದಕ್ಕೆ, ಪಾಲನೆ ಆಗ್ತಿದೆಯಾ ಅಂತ ನೋಡೋ ಒಂದು ವ್ಯವಸ್ಥೆ ಬೇಕು ಅಂತ ಒಮ್ಮತ ಮೂಡಿದ್ದು 2023ರ ಮೇ ತಿಂಗಳಲ್ಲಿ.

ಜನರ ಗಡುವು ಇನ್ನೂ ಕೆಟ್ಟದ್ದು. ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ, 3,704 ಜನರಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ. ನ್ಯಾಯಾಂಗ ನಿಂದನೆ ಕೇಸ್ ಹಾಕಿದ್ದ ಎಂಟು ಜನಕ್ಕೆ. ಕೆಂಟಕಿ ಹನ್ನೊಂದು ವರ್ಷ ತಡ ಮಾಡಿತು ಅಂತ ನಗೋರು ಈ ಎಂಟನ್ನ ಒಮ್ಮೆ ಜೋರಾಗಿ ಓದಿಕೊಳ್ಳಿ.

ಅಸ್ತ್ರ ಬೇರೆ, ಕೀಟನಾಶಕ ಬೇರೆ, ಎರಡನ್ನೂ ಯಾಕೆ ಕಲಸ್ತೀಯಾ ಅಂತ ಕೇಳಬಹುದು. ಒಪ್ಪಿದೆ, ಉದ್ದೇಶ ಬೇರೆ, ಎಂಡೋಸಲ್ಫಾನ್ ನರಾನಿಲವೂ ಅಲ್ಲ. ಆದರೆ ನಡುವಿನ ಗೋಡೆ ನೀವಂದುಕೊಂಡಷ್ಟು ದಪ್ಪ ಇಲ್ಲ. 1936ರಲ್ಲಿ ಗೆರ್ಹಾರ್ಡ್ ಶ್ರಾಡರ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ಹುಡುಕ್ತಾ ಇದ್ದದ್ದು ಹುಳ ಕೊಲ್ಲೋ ಔಷಧಿ. ಸಿಕ್ಕಿದ್ದು ಟಬುನ್, ಮೊದಲ ನರಾನಿಲ. ಎರಡು ವರ್ಷಕ್ಕೆ ಸರೀನ್. ನಮ್ಮ ಹೊಲಗಳಲ್ಲಿ ಹೊಡೀತಿದ್ದ ಮೋನೋಕ್ರೋಟೋಫಾಸ್ ಕೂಡ ಅದೇ ಬಳಗದ್ದು, ಮೈಯೊಳಗೆ ಅದೇ ಕಿಣ್ವವನ್ನ ಕಟ್ಟಿಹಾಕುತ್ತೆ. ಗ್ಯಾಸ್ ದಾಳಿಗೆ ಅಂತ ಸೈನಿಕರಿಗೆ ಕೊಡೋ ಅಟ್ರೋಪಿನ್ ಇಂಜೆಕ್ಷನ್ನನ್ನೇ ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ "ಔಷಧಿ ಕುಡಿದವರಿಗೆ" ಕೊಡ್ತಾರೆ. ಈ ಮಾತು ನೋಡಿ: ಔಷಧಿ. ವಿಷ ಅಂತ ನಮ್ಮೂರಲ್ಲಿ ಯಾರೂ ಅನ್ನಲ್ಲ. ಔಷಧಿ ಹೊಡೀತೀವಿ, ಎಣ್ಣಿ ಹೊಡೀತೀವಿ.

ಇಷ್ಟೆಲ್ಲ ಬರೆಯೋ ನನ್ನ ಮನೆಯಲ್ಲೇ ಒಂದು ದಾಸ್ತಾನಿದೆ. ನಮ್ಮೂರು ಹಾವೇರಿ ಜಿಲ್ಲೆ. ನಾನು ಹೈಸ್ಕೂಲಲ್ಲಿದ್ದಾಗ ಹತ್ತಿಗೆ ಕಾಯಿಕೊರಕ ಬಿದ್ದು ಅಪ್ಪ ವಾರಕ್ಕೊಮ್ಮೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೀತಿದ್ದ. ಮೂಗಿಗೆ ಒಂದು ಟವೆಲ್ ಅಷ್ಟೇ. ನೀರು ಹೊತ್ತು ಕೊಡ್ತಿದ್ದವನು ನಾನು. ಆಮೇಲೆ ಬಿಟಿ ಹತ್ತಿ ಬಂತು, ಅದರ ಹಿಂದೆ ಗೋವಿನಜೋಳ ಬಂತು. ಐದು ಲೀಟರಿನ ತಗಡಿನ ಡಬ್ಬಿಯಲ್ಲಿ ಅರ್ಧ ಎಂಡೋಸಲ್ಫಾನ್ ಉಳೀತು. ಕೊಟ್ಟಿಗೆ ಅಟ್ಟದ ಮೇಲೆ ಈಗಲೂ ಇದೆ. ಲೇಬಲ್ ಮಾಸಿದೆ, ಅಡಿಯಲ್ಲಿ ತುಕ್ಕು ಹಿಡಿದಿದೆ. ಕಳೆದ ಯುಗಾದಿಗೆ ಹೋದಾಗ ನನ್ನ ಐದು ವರ್ಷದ ಮಗಳು ಬೆಕ್ಕಿನ ಮರಿ ಹುಡುಕ್ತಾ ಏಣಿ ಹತ್ತಿ, ಅದೇ ಡಬ್ಬಿಗೆ ಕೈ ಊರಿ ನಿಂತಿದ್ದಳು. ಎತ್ತಿ ಇಳಿಸಿ, ಕೈ ಎಷ್ಟು ಸಲ ತೊಳೆಸಿದೆನೋ ನೆನಪಿಲ್ಲ.

"ಇದನ್ನ ಇನ್ನೂ ಯಾಕ ಇಟ್ಕೊಂಡೀಯಪ್ಪಾ?" ಅಂತ ರೇಗಿದೆ.

"ಎಲ್ಲಿ ಚೆಲ್ಲಲಿ ಹೇಳೋ ತಮ್ಮಾ? ಹಳ್ಳಕ್ಕ ಚೆಲ್ಲಿದ್ರ ದನಾ ಕುಡೀತಾವು. ಹೊಲಕ್ಕ ಚೆಲ್ಲಿದ್ರ ಎರಿಹುಳಾ ಸಾಯ್ತಾವು. ಮಂದಿಗೆ ಕೊಟ್ರ ಯಾರರೆ ಕುಡದು ಸತ್ರ? ಅದಕ್ಕ ಇಲ್ಲೇ ಐತಿ."

ಮೂರು ಮಾತಲ್ಲಿ ಆ ಒಪ್ಪಂದದ ಕಲಮುಗಳನ್ನೇ ಹೇಳಿದ್ದ ಅಪ್ಪ: ನೀರಿಗೆ ಬೇಡ, ನೆಲಕ್ಕೆ ಬೇಡ, ಇನ್ನೊಬ್ಬರಿಗೆ ದಾಟಿಸೋದು ಬೇಡ. ಏಳನೇ ಕ್ಲಾಸ್ ಓದಿದವನು. ನನಗೆ ಉತ್ತರ ಹೊಳೀಲಿಲ್ಲ. ತಾಲ್ಲೂಕಿನ ಒಂದು ಕಚೇರಿಗೆ ಹೋಗಿ ಕೇಳಿದೆ. "ಅದು ಬ್ಯಾನ್ ಆಗೇತಲ್ರೀ, ನಿಮ್ಮ ಹತ್ರ ಹೆಂಗ ಬಂತು?" ಅಂತ ನನ್ನನ್ನೇ ಕೇಳಿದರು. ಬೆಂಗಳೂರಿಗೆ ಬಂದು ಫೋನ್ ಮಾಡಿದ ಇನ್ನೊಂದು ಕಚೇರಿಯವರು ಕಾರ್ಖಾನೆ ತ್ಯಾಜ್ಯ ಆದ್ರೆ ಮಾತ್ರ ತಗೋತೀವಿ, ರೈತರದ್ದು ನಮಗೆ ಬರಲ್ಲ ಅಂದರು. ಮಾರಿದ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ. ಹಾಗೆ ನೋಡಿದರೆ ನಮ್ಮೂರಲ್ಲಿ ಇಂಥ ಅಟ್ಟ ನಮ್ಮದೊಂದೇ ಅಲ್ಲ. ಎಷ್ಟು ಅಂತ ಎಣಿಸಿದವರಿಲ್ಲ.

ಸದ್ಯಕ್ಕೆ ಡಬ್ಬಿಯನ್ನ ಮುಚ್ಚಳವಿರೋ ದಪ್ಪ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಟ್ಟು, ಸುತ್ತ ಮರಳು ತುಂಬಿ, ಮೇಲೆ ಕೆಂಪು ಪೇಂಟಲ್ಲಿ ತಾರೀಖು ಬರೆದು, ಏಣಿ ತೆಗೆಸಿ ಬಂದಿದ್ದೀನಿ. ನನ್ನ ಬ್ಲಾಸಮ್ ಸ್ಪ್ರಿಂಗ್ ಅಷ್ಟೇ. ಬಾಯಿಮಾತಿಗೆ ಬೆಲೆ ಇಲ್ಲ ಅಂತ ನಿನ್ನೆ ರಾತ್ರಿ ಕೂತು ಅರ್ಜಿ ಟೈಪ್ ಮಾಡಿದೆ. ಯಾವ ವಿಷ, ಎಷ್ಟು, ಎಲ್ಲಿದೆ, ಎಷ್ಟು ವರ್ಷದಿಂದ ಇದೆ, ಸ್ವೀಕೃತಿ ಕೊಡಬೇಕಾಗಿ ಕೋರಿಕೆ, ಎಲ್ಲಾ ಬರೆದಾಯ್ತು. "ಗೆ," ಅಂತ ಶುರುವಾಗೋ ಸಾಲು ಮಾತ್ರ ಇನ್ನೂ ಖಾಲಿ ಇದೆ.