ಹದಿನೈದು ವರ್ಷ ತಡವಾಗಿ ಬಂದ ಚಿನ್ನ

ಬಯಾಥ್ಲಾನ್ ಆಟವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ನಮ್ಮೂರಲ್ಲಿ ಹಿಮ ಎಲ್ಲಿದೆ? ಬೆನ್ನಿಗೆ ರೈಫಲ್ ಹಾಕಿಕೊಂಡು ಹಿಮದ ಮೇಲೆ ಸ್ಕೀ ಮಾಡುತ್ತಾ ಹೋಗಬೇಕು, ನಡುವೆ ನಿಂತು 50 ಮೀಟರ್ ದೂರದ ಐದು ಗುರಿಗಳಿಗೆ ಗುಂಡು ಹೊಡೆಯಬೇಕು. ಹೆಚ್ಚಿನ ಸ್ಪರ್ಧೆಗಳಲ್ಲಿ ಒಂದು ಗುರಿ ತಪ್ಪಿದರೆ 150 ಮೀಟರಿನ ಒಂದು ಸುತ್ತು ದಂಡ. ತಪ್ಪಿನ ಲೆಕ್ಕ ಅಲ್ಲೇ ಚುಕ್ತಾ. ಕಾಮರ್ಸ್ ಓದುವ ನನಗೆ ಇದು ಬಹಳ ಹಿಡಿಸಿತು.

ಫ್ರಾನ್ಸಿನ ಮಾರ್ತಾಂ ಫುರ್ಕಾದ್ ಈ ಆಟದ ದೊಡ್ಡ ಹೆಸರು. 2012ರಿಂದ 2018ರವರೆಗೆ ಸತತ ಏಳು ಸಲ ವಿಶ್ವಕಪ್ ಒಟ್ಟಾರೆ ಪ್ರಶಸ್ತಿ ಗೆದ್ದವರು. ಅವರ ಮೊದಲ ಒಲಿಂಪಿಕ್ ಪದಕ 2010ರ ವ್ಯಾಂಕೂವರ್‌ನಲ್ಲಿ ಬಂದ ಬೆಳ್ಳಿ. ಆಗ ವಯಸ್ಸು 21. ಆ ದಿನ ಚಿನ್ನ ಗೆದ್ದವರು ರಷ್ಯಾದ ಎವ್ಗೆನಿ ಉಸ್ತ್ಯುಗೋವ್. ಆಮೇಲೆ ಡೋಪಿಂಗ್ ಕಾರಣಕ್ಕೆ ಉಸ್ತ್ಯುಗೋವ್ ಅವರ ಫಲಿತಾಂಶ ರದ್ದಾಯಿತು. ಮೇಲ್ಮನವಿಗಳೆಲ್ಲ ಮುಗಿದು ಚಿನ್ನ ಫುರ್ಕಾದ್ ಹೆಸರಿಗೆ ಬರುವಷ್ಟರಲ್ಲಿ 15 ವರ್ಷ ದಾಟಿತ್ತು. ಅವರು 2020ರಲ್ಲೇ ನಿವೃತ್ತರಾಗಿದ್ದರು.

ನ್ಯಾಯ ಸಿಕ್ಕಿತಲ್ಲ ಎನ್ನಬಹುದು. ನಾನು ಒಪ್ಪುವುದಿಲ್ಲ. ಇಂದಿನ ನೂರು ರೂಪಾಯಿಯೂ ಹದಿನೈದು ವರ್ಷದ ನಂತರದ ನೂರು ರೂಪಾಯಿಯೂ ಒಂದೇ ಅಲ್ಲ ಎಂದು ನಮಗೆ ಕ್ಲಾಸಿನಲ್ಲೇ ಹೇಳಿಕೊಡುತ್ತಾರೆ. (ಬಡ್ಡಿಯ ಮಾತು ನಮ್ಮ ಮನೆಯಲ್ಲಿ ಆಡುವಂತಿಲ್ಲ, ಅದು ಬೇರೆ ವಿಷಯ.) ಆ ದಿನ ಆ ಹಿಮದ ಮೇಲೆ ತನ್ನ ದೇಶದ ರಾಷ್ಟ್ರಗೀತೆ ಕೇಳುವುದನ್ನು ಯಾವ ಕೋರ್ಟೂ ವಾಪಸ್ ಕೊಡಲಾರದು.

ಸೋಲು ಅಂದರೆ ಇದಲ್ಲ. 2014ರ ಸೋಚಿಯಲ್ಲಿ ಫುರ್ಕಾದ್ ಫೋಟೋ ಫಿನಿಶ್‌ನಲ್ಲಿ ನಾರ್ವೆಯ ಸ್ವೆಂಡ್‌ಸೆನ್‌ಗೆ ಸೋತರು. 2018ರಲ್ಲಿ ಅದೇ ಬಗೆಯ ಫಿನಿಶ್‌ನಲ್ಲಿ ಜರ್ಮನಿಯ ಶೆಂಪ್ ಅವರನ್ನು ಸೋಲಿಸಿದರು. ಮುಂದಿನ ಸೀಸನ್ ಪೂರ್ತಿ ಕೆಟ್ಟು 12ನೇ ಸ್ಥಾನಕ್ಕೆ ಇಳಿದರು. ಮತ್ತೆ ಎದ್ದು ಬಂದರು, ಕೊನೆಯ ರೇಸನ್ನು ಗೆದ್ದರು, ಆದರೂ ಬರೀ ಎರಡು ಅಂಕದಿಂದ ಒಟ್ಟಾರೆ ಪ್ರಶಸ್ತಿ ನಾರ್ವೆಯ ಬೋ ಪಾಲಾಯಿತು. ಇವೆಲ್ಲ ನೋವಿನ ಸೋಲುಗಳೇ. ಆದರೆ ಕಳ್ಳತನವಲ್ಲ.

ಒಂದು ಕಡೆ ಮಾತ್ರ ನನಗೆ ಫುರ್ಕಾದ್ ಮೇಲೆ ತಕರಾರಿದೆ. 2017ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಷ್ಯಾ ತಂಡದ ಜೊತೆಗಿದ್ದ ಪೋಡಿಯಂನಿಂದ ಅವರು ಇಳಿದು ಹೋದರು. ಆ ತಂಡದಲ್ಲಿ ಡೋಪಿಂಗ್ ನಿಷೇಧ ಮುಗಿಸಿ ಬಂದಿದ್ದ ಲೊಗಿನೋವ್ ಇದ್ದರು. ಶಿಕ್ಷೆ ಮುಗಿಸಿ ಬಂದವರಿಗೆ ದಾರಿ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ತೌಬಾಕ್ಕೆ ಬಾಗಿಲು ತೆರೆದೇ ಇರುತ್ತದಲ್ಲ.

ಪರೀಕ್ಷೆ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇನೆ: “ಅವನು ಕಾಪಿ ಹೊಡೆದರೆ ನಿನಗೇನು ಹೋಯಿತು?” ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ‘ಹಕ್ ಮಾರ್‌ನಾ’ ಅನ್ನುತ್ತಾರೆ, ಅಂದರೆ ಇನ್ನೊಬ್ಬರ ಹಕ್ಕನ್ನು ನುಂಗುವುದು. ಮೆರಿಟ್ ಪಟ್ಟಿಯಲ್ಲಿ ಒಬ್ಬ ಸುಳ್ಳು ಅಂಕದಿಂದ ಮೇಲೇರಿದರೆ ಕೆಳಗೆ ಜಾರುವವನಿಗೊಂದು ಹೆಸರಿರುತ್ತದೆ, ಮನೆಯಿರುತ್ತದೆ. ಅವನ ಸೀಟನ್ನು ಹದಿನೈದು ವರ್ಷದ ಮೇಲೆ ಕರೆದು ಕೊಡುವವರು ಯಾರೂ ಇಲ್ಲ.

ಆದ್ದರಿಂದ ವಾರ್ಷಿಕ ಪರೀಕ್ಷೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುವವರು ದಯವಿಟ್ಟು ಬೆನ್ನು ತಟ್ಟಬೇಡಿ. ಪರೀಕ್ಷೆಗೆ ಮೊದಲು ಬನ್ನಿ, ಬ್ಯಾಲೆನ್ಸ್ ಶೀಟ್ ಕೂತು ಹೇಳಿಕೊಡುತ್ತೇನೆ.