ಪಾತ್ರ ಪರಿಚಯ ಸಾಕು, ಪಾತ್ರವೇ ಮಾತಾಡಲಿ

ಪ್ರೌಢಶಾಲೆಯ ಕನ್ನಡ ಪ್ರಾಜೆಕ್ಟಿಗೆ ಈಗ ಒಂದು ಅಚ್ಚು ಬಂದುಬಿಟ್ಟಿದೆ. ಬಣ್ಣದ ಡ್ರಾಯಿಂಗ್ ಶೀಟು, ನಡುವೆ ಸಾಹಿತಿಯ ಭಾವಚಿತ್ರ, ಕೆಳಗೆ ಹುಟ್ಟಿದ ಇಸವಿ, ಊರು, ಕೃತಿಗಳ ಪಟ್ಟಿ, ಬಂದ ಪ್ರಶಸ್ತಿ. ಎಲ್ಲವೂ ಸೈಬರ್ ಸೆಂಟರಿನಲ್ಲಿ ಪ್ರಿಂಟಾಗಿ ಸಿಗುತ್ತದೆ. ಶಿವರಾಮ ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದರು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ ಮಗುವನ್ನು ‘ಚೋಮನ ದುಡಿಯ ಬೆಳ್ಳಿ ಯಾರು?’ ಎಂದು ಕೇಳಿದರೆ ಸುಮ್ಮನೆ ಮುಖ ನೋಡುತ್ತದೆ. ಅಂಕ ಮಾತ್ರ ಪೂರ್ತಿ.

ಉಡುಪಿ ಜಿಲ್ಲೆಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಹೇಳಬಯಸುವುದು ಇಷ್ಟೇ: ಆಂತರಿಕ ಮೌಲ್ಯಮಾಪನದ ಅಂಕವನ್ನು ಸಾಹಿತಿಯ ಜೀವನಚರಿತ್ರೆಗೆ ಕೊಡುವುದನ್ನು ನಿಲ್ಲಿಸೋಣ. ಒಂದು ಇಡೀ ಕಾದಂಬರಿಯನ್ನು ಮಕ್ಕಳ ಕೈಗೆ ಕೊಡೋಣ. ಅದರ ಒಂದು ಪಾತ್ರದ ಪರವಾಗಿ ಪ್ರತಿ ಮಗುವೂ ಎಲ್ಲರೆದುರು ಬಾಯಿಬಿಟ್ಟು ಮಾತಾಡಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿ.

ಇದಕ್ಕೆ ಬೇಕಾದ ಕ್ರಮ ನಮ್ಮ ಕರಾವಳಿಯಲ್ಲಿ ಮೊದಲೇ ಇದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆಯಾ ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನ ಅರ್ಥ ಹೇಳುವಾಗ, ರಾವಣ ಸೋಲುತ್ತಾನೆಂದು ಗೊತ್ತಿದ್ದೂ ಜನ ಅವನ ವಾದಕ್ಕೆ ಕಿವಿಗೊಟ್ಟು ಕೂತಿರುತ್ತಿದ್ದರು. ಅರ್ಥಧಾರಿಗೆ ಎಷ್ಟೇ ಸ್ವಾತಂತ್ರ್ಯವಿದ್ದರೂ ಪದ್ಯದ ಚೌಕಟ್ಟು ದಾಟುವಂತಿಲ್ಲ. ನಮ್ಮ ತರಗತಿಯಲ್ಲಿ ಪದ್ಯದ ಜಾಗಕ್ಕೆ ಕಾದಂಬರಿಯ ಪುಟ ಬಂತು. ಒಬ್ಬ ವಿದ್ಯಾರ್ಥಿ ಪುಟ ಓದುತ್ತಾನೆ, ಇಬ್ಬರು ಪಾತ್ರಗಳಾಗಿ ಮಾತಾಡುತ್ತಾರೆ. ಮಾತು ಕಾದಂಬರಿಯಿಂದ ಆಚೆ ಹೋಯಿತೆಂದು ಅನ್ನಿಸಿದರೆ ಕೂತವರು ಯಾರು ಬೇಕಾದರೂ ‘ಯಾವ ಪುಟ?’ ಎಂದು ಕೇಳಬಹುದು. ಇದೊಂದು ನಿಯಮವೇ ಮಕ್ಕಳನ್ನು ಪುಸ್ತಕ ಓದುವಂತೆ ಮಾಡಿತು.

ನಾವು ಆರಿಸಿಕೊಂಡದ್ದು ಕಾರಂತರ 1933ರ ‘ಚೋಮನ ದುಡಿ’. ಚಿಕ್ಕ ಪುಸ್ತಕ, ಒಂಬತ್ತನೆಯ ತರಗತಿಗೆ ಹೇಳಿ ಮಾಡಿಸಿದಂತಿದೆ. ಗೇಣಿಗಾದರೂ ಒಂದು ತುಂಡು ಭೂಮಿ ಸಿಕ್ಕಿ ತಾನೂ ಬೇಸಾಯಗಾರನಾಗಬೇಕೆಂಬ ಚೋಮನ ಆಸೆ, ಅವನ ಜೋಡಿ ಎತ್ತು, ಕಾಫಿ ತೋಟದ ಸಾಲ, ಆ ಸಾಲಕ್ಕಾಗಿ ಘಟ್ಟ ಹತ್ತಿದ ಮಕ್ಕಳು: ಇಷ್ಟನ್ನು ಎರಡು ಸಾಲಿನ ಸಾರಾಂಶದಲ್ಲಿ ಬರೆಯಬಹುದು. ಬರೆದ ಮಗುವಿಗೆ ಚೋಮ ಪಾಪದವನೆಂದು ಅನ್ನಿಸುತ್ತದೆ, ಅಲ್ಲಿಗೆ ಮುಗಿಯಿತು. ಅರ್ಥ ಹೇಳಲು ಕೂತಾಗ ಹಾಗೆ ಮುಗಿಯುವುದಿಲ್ಲ. ಚೋಮನ ಮಗಳು ಬೆಳ್ಳಿಯ ಪಾತ್ರ ಬಂದ ಹುಡುಗಿ ಚೋಮನ ಪಾತ್ರದ ಹುಡುಗನನ್ನು ನೇರವಾಗಿ ಕೇಳಿದಳು: “ಸಾಲ ನಿನ್ನದು, ತೀರಿಸಲು ಹೋದವಳು ನಾನು. ಆ ಸಾಲ ಹೇಗೆ ತೀರಿತು ಅಂತ ನಿನಗೆ ಗೊತ್ತುಂಟಾ?” ಹುಡುಗ ಸ್ವಲ್ಪ ಹೊತ್ತು ಪುಟ ತಿರುವಿ ಹೇಳಿದ: “ನಾನು ಬಾಯಿಬಿಟ್ಟು ಹೇಳಿದ್ದು ಕಡಿಮೆ ಮಗಳೇ. ಸಂತೋಷವಾದರೂ ದುಡಿ, ದುಃಖವಾದರೂ ದುಡಿ.” ಯಾವ ಪುಟ ಎಂದು ಕೇಳಿದವರಿಗೆ ಅವನು ಒಂದಲ್ಲ, ಹಲವು ಪುಟ ತೋರಿಸಿದ. ದುಡಿಯ ಸದ್ದು ಕಾದಂಬರಿಯಲ್ಲಿ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ನಾನು ಕಲಿಸಬೇಕಾಗಿರಲಿಲ್ಲ, ಅವನೇ ಹುಡುಕಿಕೊಂಡಿದ್ದ.

ಯಾರಿಗೆ ಯಾವ ಪಾತ್ರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದೆವು; ಹೆಸರಿಲ್ಲದ ಪಾತ್ರಗಳನ್ನೂ ಚೀಟಿಯಲ್ಲಿ ಬರೆದಿದ್ದೆವು. ಚೋಮನ ಕಿರಿಯ ಮಗ ನೀಲ ನೀರುಪಾಲಾಗುವಾಗ ದಡದಲ್ಲಿ ಜನ ಇರುತ್ತಾರೆ. ಹುಡುಗ ಮುಟ್ಟಬಾರದ ಜಾತಿಯವನು ಎಂಬ ಕಾರಣಕ್ಕೆ ಅವನನ್ನು ಉಳಿಸುವ ಕೈ ಮುಂದೆ ಬರುವುದಿಲ್ಲ. ಆ ದಡದ ಮೇಲೆ ನಿಂತವನೊಬ್ಬನ ಪರವಾಗಿ ಮಾತಾಡುವ ಚೀಟಿ ಒಬ್ಬ ಹುಡುಗನಿಗೆ ಬಂತು. ಕಟ್ಟಳೆ ಅಂದ, ಊರವರ ಭಯ ಅಂದ, ಮನೆಯವರು ಒಳಗೆ ಸೇರಿಸುವುದಿಲ್ಲ ಅಂದ. ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ ಬಂತು: “ನೀನು ಈಜು ಗೊತ್ತಿದ್ದವನಾ?” ಅವನಲ್ಲಿ ಉತ್ತರವಿರಲಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ ಎಂಬುದು ಸಮಾಜ ವಿಜ್ಞಾನದ ನೋಟ್ಸಿನಲ್ಲಿ ಅವರೆಲ್ಲರಿಗೂ ಬಾಯಿಪಾಠ. ಆ ವಿಧಿ ಏಕೆ ಬೇಕಾಯಿತು ಎಂಬುದು ಆ ಅವಧಿಯಲ್ಲಿ ಅವರಿಗೆ ಅರ್ಥವಾಯಿತು.

ಇಲ್ಲಿ ಶಿಕ್ಷಕರು ಬಹಳ ಎಚ್ಚರದಿಂದಿರಬೇಕು. ಜಾತಿ ನೋಡಿ ಪಾತ್ರ ಹಂಚಿದರೆ ಇಡೀ ಪ್ರಾಜೆಕ್ಟೇ ಒಂದು ಹಿಂಸೆ. ಚೋಮನ ಪಾತ್ರಕ್ಕೆ ದಲಿತ ಹುಡುಗನನ್ನೇ ಎಬ್ಬಿಸಿ ನಿಲ್ಲಿಸುವುದು, ಪುಸ್ತಕದಲ್ಲಿರುವ ಬೈಗುಳವನ್ನು ತರಗತಿಯಲ್ಲಿ ಆಡಿ ತೋರಿಸುವುದು ಕೂಡದು. ಪಾತ್ರ ಚೀಟಿಯಿಂದಲೇ ಬರಬೇಕು, ಒಲ್ಲೆ ಎಂದವರಿಗೆ ಬೇರೆ ಚೀಟಿ ಎತ್ತುವ ಹಕ್ಕಿರಬೇಕು. ಭೂಮಾಲೀಕ ಸಂಕಪ್ಪಯ್ಯನ ಪರ ಮಾತಾಡಿದವರೇ ಮುಂದಿನ ವಾರ ಚೋಮನ ಪರ ಮಾತಾಡಬೇಕು. ಈ ಎಚ್ಚರ ಪಾಲಿಸಲಾಗದಿದ್ದರೆ ಬೇರೆ ಕಾದಂಬರಿ ಆರಿಸಿಕೊಳ್ಳುವುದೇ ಲೇಸು.

ಕಾದಂಬರಿಗೇನು ಕೊರತೆ? ಕಾರಂತರದೇ ‘ಮರಳಿ ಮಣ್ಣಿಗೆ’ಯಲ್ಲಿ ವಿಧವೆಯಾಗಿ ಅಣ್ಣನ ಮನೆಯಲ್ಲಿದ್ದುಕೊಂಡು, ಅತ್ತಿಗೆಯ ಜೊತೆ ಆ ಮನೆಯ ಬೇಸಾಯಕ್ಕೆ ಹೆಗಲು ಕೊಟ್ಟ ಸರಸೋತಿ ಇದ್ದಾಳೆ. ಮೈಸೂರು ಸೀಮೆಯ ಮಕ್ಕಳಿಗೆ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜ ಹುಡುಕುವ ಸಾಕವ್ವ ಇದ್ದಾಳೆ. ಮಲೆನಾಡಿನವರಿಗೆ ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣ ಇದ್ದಾನೆ: ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ನಿಸರ್ಗತಜ್ಞ. ಓದಿನಲ್ಲಿ ಹಿಂದೆ ಎನಿಸಿಕೊಂಡ ಹುಡುಗ ಮಂದಣ್ಣನ ಅರ್ಥ ಹೇಳಲಿ, ನೋಡಿ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಮನೋರೋಗದಿಂದ ಗುಣವಾಗಿ ಬಂದರೂ ಮನೆಯವರ ಅನುಮಾನದಿಂದ ಬಿಡುಗಡೆ ಕಾಣದವಳು. ಪಿಯುಸಿ ಮಕ್ಕಳಿಗೆ ಅವಳಿಗಿಂತ ಒಳ್ಳೆಯ ಪಾತ್ರ ಬೇಕೇ? ತಾಳಮದ್ದಳೆ ಇಲ್ಲದ ಸೀಮೆಯವರು ಚಿಂತಿಸಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ಗೀಗೀ ಪದದ ಹರದೇಶಿ-ನಾಗೇಶಿ ವಾದವಿದೆ, ಅದೂ ಪಕ್ಷ ಹಿಡಿದು ಮಾತಾಡುವ ಕಲೆಯೇ.

ಸಹೋದ್ಯೋಗಿಗಳು ಮೊದಲು ಎತ್ತುವ ಆಕ್ಷೇಪ ಪೋರ್ಷನ್ನಿನದು. ಪಾಠ ಮುಗಿಯುವುದೇ ಕಷ್ಟ, ಕಾದಂಬರಿಗೆ ಸಮಯವೆಲ್ಲಿ ಎನ್ನುತ್ತಾರೆ. ವಾರಕ್ಕೊಂದು ಅವಧಿಯಂತೆ ಓದಿದರೆ ಇಂಥ ಚಿಕ್ಕ ಕಾದಂಬರಿ ಒಂದು ಸೆಮಿಸ್ಟರಿನೊಳಗೆ ಮುಗಿಯುತ್ತದೆ. ಓದಿದ ಮಕ್ಕಳ ವಾಕ್ಯರಚನೆ ಎಷ್ಟು ಸುಧಾರಿಸಿತೆಂದು ಉತ್ತರಪತ್ರಿಕೆ ತಿದ್ದುವಾಗ ನೋಡಿದ್ದೇನೆ. ಇನ್ನೊಂದು ಆಕ್ಷೇಪ ಹೊಸದು: ಬೆಳ್ಳಿಯ ದಿನಚರಿ ಬರೆದುಕೊಡು ಎಂದರೆ ಮೊಬೈಲಿನ ಎಐ ಕ್ಷಣದಲ್ಲಿ ಬರೆದುಕೊಡುತ್ತದಲ್ಲ? ಕೊಡುತ್ತದೆ. ಆದ್ದರಿಂದಲೇ ಅಂಕ ಕಾಗದಕ್ಕಲ್ಲ, ಮಾತಿಗೆ ಸಲ್ಲಬೇಕು. ಎದುರಿನವಳು ಪ್ರಶ್ನೆ ಕೇಳಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವಾಗ ಓದದೆ ಬಂದವರು ಒಂದು ನಿಮಿಷವೂ ನಿಲ್ಲಲಾರರು.

ನಿಜವಾದ ಅಡಚಣೆ ಪುಸ್ತಕದ್ದು. ಹಲವು ಶಾಲೆಗಳ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಬೀಗ ಹಾಕಿದ ಒಂದು ಬೀರು. ಅದರೊಳಗೂ ಒಂದು ಶೀರ್ಷಿಕೆಯ ಒಂದೇ ಪ್ರತಿ. ಇಬ್ಬರಿಗೊಂದು ಪ್ರತಿಯಾದರೂ ಸಿಗದೆ ಈ ಕೆಲಸ ನಡೆಯದು. ನಮ್ಮಲ್ಲಿ ಹಳೆವಿದ್ಯಾರ್ಥಿಗಳು ಪ್ರತಿಗಳನ್ನು ಕೊಡಿಸಿದರು. ಎಲ್ಲ ಊರಿಗೂ ಅಂಥ ಭಾಗ್ಯ ಇರುವುದಿಲ್ಲ, ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಇದು ಸರಕಾರದ ಹೊಣೆ.

ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕಗಳ ಮೂಲಕ ಕಲಿಸಲು ಹೊರಟವರು. ‘ಯಕ್ಷಗಾನ ಬಯಲಾಟ’ ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅಂಥವರ ಕಾದಂಬರಿ ಡ್ರಾಯಿಂಗ್ ಶೀಟಿನ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯಬಾರದು.

ಶಿಕ್ಷಣ ಇಲಾಖೆಗೆ ನನ್ನ ವಿನಂತಿ ಸರಳವಾದದ್ದು. ಬರುವ ವರ್ಷದ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಒಂದು ಚಟುವಟಿಕೆಯನ್ನು ಒಂದು ಕಾದಂಬರಿಗೆ ಮೀಸಲಿಡಿ, ಅದರ ಪ್ರತಿಗಳನ್ನು ಶಾಲೆಗೆ ತಲುಪಿಸಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ, ಅದು ಕನ್ನಡ ಶಿಕ್ಷಕರದು. ಈ ಸಲ ಪ್ರಾಜೆಕ್ಟ್ ತಂದ ಮಗುವಿನ ಶೀಟನ್ನು ಪಕ್ಕಕ್ಕಿಟ್ಟು, ಕಾದಂಬರಿಯ ಒಂದು ಪಾತ್ರವಾಗಿ ಐದು ನಿಮಿಷ ಮಾತಾಡು ಎಂದು ಹೇಳಿ. ಅಂಕವನ್ನು ಆಮೇಲೆ ಕೊಡಿ.